ಹಳೆ ಕಾರಿನ ಕಾರ್ಬೊರೇಟರ್: ಇದು ಯಾವುದು ಅಂತ ಗುರುತಿಸೋದು ಹೇಗೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಕಾರು ಹಳೆಯದು, ಗಾಳಿ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರ್ ಇನ್ನೂ ಹಳೆಯದು, ರಿಪೇರಿ ಕಿಟ್ ತರಿಸಿದರೆ ಕೂರುವುದಿಲ್ಲ. ಆದ್ದರಿಂದ ಟ್ಯೂನಿಂಗ್ ವಿಷಯ ಬದಿಗಿಟ್ಟು, ಗುರುತಿಸುವ ಕೆಲಸವನ್ನೇ ಹಿಡಿದುಕೊಂಡಿದ್ದೇನೆ. ಬಿಚ್ಚುವ ಮೊದಲು ಎಲ್ಲರಿಗೂ ಒಂದೇ ಮಾತು: ಗಾಳಿಯಾಡುವ ಕಡೆ ಕೂತು ಕೆಲಸ ಮಾಡಿ, ಬ್ಯಾಟರಿ ವೈರ್ ತೆಗೆದಿಡಿ, ಹತ್ತಿರ ಬೆಂಕಿ ಇರಬಾರದು.

ಪ್ರಶ್ನೆ: ಅಪ್ಪ ಓಡಿಸುತ್ತಿದ್ದ ಪೆಟ್ರೋಲ್ ಅಂಬಾಸಿಡರ್ ನನ್ನ ಹತ್ತಿರ ಇದೆ, 1489 ಸಿಸಿ. ಕಾರ್ಬೊರೇಟರ್ ಕೆಳಗಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತದೆ. 'ಎಸ್‌ಯು ಕಿಟ್' ಅಂತ ಕೇಳಿ ಎರಡು ಸಲ ತರಿಸಿದೆ. ಮೊದಲನೆಯದರಲ್ಲಿ ಕಾರ್ಕ್ ವಾಶರ್‌ಗಳು ಬಂದವು, ಅವನ್ನು ಹಾಕಲು ಜಾಗವೇ ಇಲ್ಲ. ಎರಡನೆಯದರಲ್ಲಿ ಬಿಳಿ ಪೈಪ್ ಇರುವ ಜೆಟ್ (ಪೆಟ್ರೋಲ್ ಹೊರಬರುವ ಸಣ್ಣ ತೂತಿನ ಕೊಳವೆ) ಬಂತು, ನೋಡಲು ನಮ್ಮದರ ಥರವೇ ಇದೆ, ಆದರೆ ಪೈಪ್ ಮುಟ್ಟುವುದಿಲ್ಲ. ನಮ್ಮದು ಎಸ್‌ಯು ಹೌದೋ ಅಲ್ಲವೋ? — ತುಮಕೂರಿನ ಓದುಗರು

ಹೌದು, ಎಸ್‌ಯುವೇ. ಆದರೆ ಎಸ್‌ಯು ಅನ್ನುವುದು ಒಂದು ದೊಡ್ಡ ಕುಟುಂಬದ ಹೆಸರು. ಅಂಗಡಿಯವರಿಗೆ ಅಷ್ಟೇ ಹೇಳಿದರೆ, ಹಳೆ ಮೈಸೂರು ಕಡೆ ಹಳ್ಳಿಗೆ ಹೋಗಿ 'ಗೌಡರ ಮನೆ ಯಾವುದು' ಅಂತ ಕೇಳಿದ ಹಾಗಾಯಿತು.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಎಸ್‌ಯು ಅಂದರೆ ಸ್ಕಿನ್ನರ್ಸ್ ಯೂನಿಯನ್. ಲಂಡನ್ನಿನಲ್ಲಿ ಬೂಟು ವ್ಯಾಪಾರ ಮಾಡುತ್ತಿದ್ದ ಮನೆತನದ ಸ್ಕಿನ್ನರ್ ಸಹೋದರರು ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲೇ ಇದನ್ನು ಮಾಡಿದರು. ಮೊದಲಿನದರಲ್ಲಿ ಈಗಿನ ಪಿಸ್ಟನ್ ಇರಲಿಲ್ಲ, ಅದರ ಜಾಗದಲ್ಲಿ ಚರ್ಮದ ತಿದಿ ಇತ್ತು. 1926ರಲ್ಲಿ ವಿಲಿಯಂ ಮಾರಿಸ್ ಈ ಕಂಪನಿಯನ್ನು ಕೊಂಡರು. ನಮ್ಮ ಅಂಬಾಸಿಡರ್‌ನ ಮೂಲ ಮಾರಿಸ್ ಆಕ್ಸ್‌ಫರ್ಡ್ ಅಲ್ವಾ, ಹಾಗಾಗಿ ಎಸ್‌ಯು ನಮ್ಮಲ್ಲಿಗೆ ಬಂದದ್ದು ಆ ನಂಟಿನಿಂದಲೇ.

ಕೆಲಸ ಮಾಡುವ ರೀತಿ ಎಲ್ಲದರಲ್ಲೂ ಒಂದೇ. ಎಂಜಿನ್ ಗಾಳಿ ಎಳೆದಾಗ, ಕಾರ್ಬೊರೇಟರ್ ಮೇಲಿರುವ ಗುಮ್ಮಟದೊಳಗಿನ ಪಿಸ್ಟನ್ ಮೇಲೇಳುತ್ತದೆ. ಅದಕ್ಕೆ ಸಿಕ್ಕಿಸಿದ ಮೊನಚಾದ ನೀಡಲ್ ಜೆಟ್‌ನಿಂದ ಮೇಲೆ ಬರುತ್ತದೆ, ಸುತ್ತಲಿನ ಸಂದು ದೊಡ್ಡದಾಗುತ್ತದೆ, ಗಾಳಿಗೆ ತಕ್ಕಷ್ಟು ಪೆಟ್ರೋಲ್ ಹೋಗುತ್ತದೆ. ವ್ಯತ್ಯಾಸ ಇರುವುದು ಪೆಟ್ರೋಲ್ ಜೆಟ್‌ಗೆ ಬಂದು ಸೇರುವ ದಾರಿಯಲ್ಲಿ. ಆ ದಾರಿ ನೋಡಿದರೆ ಯಾವ ಮಾದರಿ ಅಂತ ಗೊತ್ತಾಗುತ್ತದೆ, ಹಾಗಾಗಿ ಗುಮ್ಮಟ ಬಿಟ್ಟು ಕೆಳಗೆ ಬಗ್ಗಿ ನೋಡಿ.

ಪೆಟ್ರೋಲ್ ಮಟ್ಟ ಕಾಯುವ ತೇಲುಬುರುಡೆ, ಅಂದರೆ ಫ್ಲೋಟ್, ಇರುವ ಪಕ್ಕದ ಡಬ್ಬಿಯೇ ಫ್ಲೋಟ್ ಚೇಂಬರ್. ಅದರ ತಳದಿಂದ ಲೋಹದ ತೋಳೊಂದು ಬಂದು, ಜೆಟ್ ಇರುವ ಭಾಗಕ್ಕೆ ಬೋಲ್ಟ್ ಆಗಿದ್ದರೆ ಅದು ಎಚ್ ಮಾದರಿ. ಇದರಲ್ಲಿ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಲು ಚೋಕ್ ಎಳೆದಾಗ ಇಡೀ ಜೆಟ್ ಕೆಳಗೆ ಜಾರುತ್ತದೆ. ಜಾರುವಾಗ ಪೆಟ್ರೋಲ್ ಸೋರದಂತೆ ತಡೆಯುವುದು ಕಾರ್ಕ್ ವಾಶರ್‌ಗಳು. ನಿಮಗೆ ಬಂದ ಮೊದಲ ಕಿಟ್ ಇದರದು. ಕಾರ್ಕ್ ಒಣಗಿ ಕುಗ್ಗಿದರೆ ಎಚ್ ಮಾದರಿ ಜೆಟ್ ಕೆಳಗಿನಿಂದಲೇ ಸೋರುತ್ತದೆ, ನಿಮ್ಮ ಅಂಗಡಿಯವರು 'ಕೆಳಗಿನಿಂದ ಸೋರುತ್ತೆ' ಅನ್ನುವ ಮಾತು ಕೇಳಿಯೇ ಅದನ್ನು ಕಳಿಸಿರಬೇಕು.

ಚೇಂಬರ್‌ನಿಂದ ಜೆಟ್‌ಗೆ ತೆಳುವಾದ ನೈಲಾನ್ ಪೈಪ್ ಹೋಗಿದ್ದರೆ ಅದು ಎಚ್‌ಎಸ್. ಹೊಸದಾಗಿದ್ದಾಗ ಹಾಲಿನ ಬಣ್ಣ, ಮೂವತ್ತು ನಲವತ್ತು ವರ್ಷ ಆದ ಮೇಲೆ ಕಷಾಯದ ಬಣ್ಣ. ನಿಮ್ಮದು ಇದೇ. ಎರಡನೇ ಕಿಟ್ ಕೂರದ ಕಾರಣವೂ ಸರಳ. ಫ್ಲೋಟ್ ಚೇಂಬರ್ ಎಡಕ್ಕಿದೆಯೋ ಬಲಕ್ಕಿದೆಯೋ, ಎಷ್ಟು ಓರೆಯಾಗಿ ಕೂತಿದೆ ಅನ್ನುವುದರ ಮೇಲೆ ಈ ಪೈಪಿನ ಉದ್ದ ಮತ್ತು ತಿರುವು ಬೇರೆಯಾಗುತ್ತದೆ. ಎಡಗೈ ಗ್ಲೌಸ್ ಬಲಗೈಗೆ ಬರುತ್ತಾ? ಹಾಗೇ. ಹಳೆ ಜೆಟ್ ಬಿಚ್ಚಿ ಅಂಗಡಿಗೆ ತೆಗೆದುಕೊಂಡು ಹೋಗಿ, ಪಕ್ಕಪಕ್ಕ ಇಟ್ಟು ಪೈಪಿನ ಉದ್ದ ಹೊಂದಿಸಿಯೇ ತನ್ನಿ. ಸೋರುತ್ತಿರುವುದು ಪೈಪ್ ಚೇಂಬರ್‌ಗೆ ಸೇರುವ ಜಾಗದಲ್ಲಾದರೆ ಅಲ್ಲಿನ ರಬ್ಬರ್ ಒಂದೇ ಬದಲಿಸಿದರೂ ಸಾಕಾಗಬಹುದು, ಮೊದಲು ಬೆರಳಲ್ಲಿ ಒರೆಸಿ ಒದ್ದೆ ಎಲ್ಲಿಂದ ಶುರು ಅಂತ ನೋಡಿ.

ಇನ್ನೆರಡು ಮಾದರಿ ನಮ್ಮ ಅಂಬಾಸಿಡರ್ ಮನೆಗಳಲ್ಲಿ ಕಾಣುವುದಿಲ್ಲ, ಆದರೂ ಗೊತ್ತಿರಲಿ. ಎಚ್‌ಡಿಯಲ್ಲಿ ಜೆಟ್‌ನ ಬುಡಕ್ಕೆ ರಬ್ಬರ್ ಡಯಾಫ್ರಮ್ ಇರುತ್ತದೆ, ಐಡ್ಲಿಂಗ್‌ಗೆ ಬೇರೆಯೇ ಸ್ಕ್ರೂ ಇರುತ್ತದೆ. ಜಾಗ್ವಾರ್ ಇ-ಟೈಪ್‌ನ 3.8 ಲೀಟರ್ ಎಂಜಿನ್ನಿಗೆ ಸಾಲಾಗಿ ಮೂರು ಎಚ್‌ಡಿ8 ಹಾಕಿದ್ದರು. ಎಚ್‌ಐಎಫ್‌ನಲ್ಲಿ ಪಕ್ಕದ ಫ್ಲೋಟ್ ಚೇಂಬರ್ರೇ ಇಲ್ಲ, ಫ್ಲೋಟ್ ಬಾಡಿಯ ಹೊಟ್ಟೆಯೊಳಗೆ ಹೋಗಿದೆ. ತಳದಲ್ಲಿ ನಾಲ್ಕು ಸ್ಕ್ರೂಗಳ ತಟ್ಟೆ ಕಂಡರೆ ಅದೇ. 1970ರ ದಶಕದಲ್ಲಿ ಬಂದದ್ದು, ಎಂಜಿಬಿ ಅನ್ನುವ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರುಗಳಲ್ಲಿ ಆಮೇಲಿನವುಗಳಲ್ಲಿದೆ.

ನನಗೂ ಇದೇ ಪೆಟ್ಟು ಬಿದ್ದಿದೆ. ವರ್ಷಗಳ ಹಿಂದೆ ಒಂದು ಕಾರಿಗೆ ಆರ್‌ಸಿ ಬುಕ್ಕಿನ ಇಸವಿ ಹೇಳಿ ಕಿಟ್ ತರಿಸಿದೆ. ಮೂರು ವಾರ ಕಾದೆ, ಬಂದದ್ದು ಬೇರೆ ಮಾದರಿಯದು. ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಆ ಕಾರಿಗೆ ಯಾರೋ ಯಾವಾಗಲೋ ಬೇರೆ ಕಾರಿನ ಕಾರ್ಬೊರೇಟರ್ ಹಾಕಿದ್ದರು. ಐವತ್ತು ಅರವತ್ತು ವರ್ಷ ಓಡಿದ ಕಾರಿನಲ್ಲಿ ಹಾಗೆ ಆಗದಿದ್ದರೇ ಆಶ್ಚರ್ಯ. ಆವತ್ತಿನಿಂದ ನಾನು ಇಸವಿ ಕೇಳುವುದಿಲ್ಲ, ಬಾನೆಟ್ ಎತ್ತಿ ಅಂತೀನಿ.

ಪ್ರಶ್ನೆ: ಎಚ್‌ಎಸ್2, ಎಚ್‌ಎಸ್4 ಅಂತಾರಲ್ಲ, ಆ ಸಂಖ್ಯೆ ಏನು? ನಮ್ಮ ಕಾರ್ಬೊರೇಟರ್ ಮೇಲೆ ಎಲ್ಲೂ ಬರೆದಿಲ್ಲ. — ದಾವಣಗೆರೆ

ಬರೆದಿರುವುದಿಲ್ಲ, ನೀವೇ ಅಳೆಯಬೇಕು. ಲೆಕ್ಕ ಚೆನ್ನಾಗಿದೆ ನೋಡಿ. ಕಾರ್ಬೊರೇಟರ್ ಬಾಯಿಯ ಅಳತೆಯಲ್ಲಿ 1 ಇಂಚಿನ ಮೇಲೆ ಎಷ್ಟು 'ಎಂಟನೇ ಒಂದು ಇಂಚು' ಇದೆ ಅನ್ನುವುದೇ ಆ ಸಂಖ್ಯೆ. 2 ಅಂದರೆ 1 ಇಂಚಿನ ಮೇಲೆ ಎರಡು ಎಂಟನೇ ಭಾಗ, ಅಂದರೆ ಒಂದೂಕಾಲು ಇಂಚು. 4 ಅಂದರೆ ಒಂದೂವರೆ. 6 ಅಂದರೆ ಒಂದೂಮುಕ್ಕಾಲು. 8 ಅಂದರೆ 2 ಇಂಚು. ಎಂಜಿನ್ ಕಡೆಯ ಬಾಯಿಗೆ, ಆ್ಯಕ್ಸಿಲರೇಟರ್ ಒತ್ತಿದರೆ ತೆರೆಯುವ ಥ್ರಾಟಲ್ ತಟ್ಟೆ ಇರುವ ಜಾಗಕ್ಕೆ, ವರ್ನಿಯರ್ ಕ್ಯಾಲಿಪರ್ ಹಿಡಿಯಿರಿ. ಸುಮಾರು 32 ಮಿ.ಮೀ. ಬಂದರೆ 2, 38 ಬಂದರೆ 4, 44 ಬಂದರೆ 6. ಎಚ್‌ಐಎಫ್‌ನಲ್ಲಿ ಮಾತ್ರ ಸ್ವಲ್ಪ ಗೊಂದಲ ಇದೆ. ಎಚ್‌ಐಎಫ್4 ಈ ಇಂಚಿನ ಲೆಕ್ಕ, ಎಚ್‌ಐಎಫ್44 ಅಂದರೆ ನೇರವಾಗಿ ಮಿಲಿಮೀಟರ್.

ಫ್ಲೋಟ್ ಚೇಂಬರ್ ಮುಚ್ಚಳದ ಸ್ಕ್ರೂ ಕೆಳಗೆ ಉಗುರಿನಷ್ಟು ಸಣ್ಣ ಲೋಹದ ಬಿಲ್ಲೆ ಇರಬೇಕಿತ್ತು. ಎಯುಸಿ ಅಥವಾ ಎಯುಡಿ ಅಂತ ಶುರುವಾಗಿ ಮುಂದೆ ನಂಬರ್ ಇರುತ್ತದೆ. ಯಾವ ಕಾರಿಗೆ, ಯಾವ ಎಂಜಿನ್ನಿಗೆ ಮಾಡಿದ್ದು ಅಂತ ಅದರಿಂದ ನೇರವಾಗಿ ತಿಳಿಯುತ್ತದೆ. ಆದರೆ ಮುಚ್ಚಳ ತೆಗೆದ ಪ್ರತಿ ಸಲ ಅದು ಕೈಗೆ ಬರುತ್ತದೆ, ಗ್ಯಾರೇಜಿನ ನೆಲಕ್ಕೆ ಬಿದ್ದು ಗುಡಿಸಿ ಹೋಗುತ್ತದೆ. ನಿಮ್ಮದರಲ್ಲಿ ಉಳಿದಿದ್ದರೆ ಜೋಪಾನ. ಇದ್ದರೂ ಅದೊಂದನ್ನೇ ನಂಬಬೇಡಿ, ಮುಚ್ಚಳ ಬದಲಾದಾಗ ಬಿಲ್ಲೆಯೂ ಬದಲಾಗಿರಬಹುದು.

ಹೊರಗೆ ಒಂದೇ ಥರ ಕಂಡರೂ ಒಳಗೆ ಬೇರೆ ಇರುವುದು ಇನ್ನೂ ಮುಖ್ಯ. ಗುಮ್ಮಟದ ಸ್ಕ್ರೂ ತೆಗೆದು, ಪಿಸ್ಟನ್ ನೇರವಾಗಿ ಮೇಲೆತ್ತಿ. ನೀಡಲ್ ತುದಿ ಎಲ್ಲಿಗೂ ತಾಗಬಾರದು, ಒಂದಿಷ್ಟು ಬಾಗಿದರೂ ಮುಗಿಯಿತು. ಈಗ ನೀಡಲ್ ಅನ್ನು ಬೆರಳಲ್ಲಿ ಮೆಲ್ಲಗೆ ಅಲ್ಲಾಡಿಸಿ. ಗಟ್ಟಿಯಾಗಿ ನಿಂತಿದ್ದರೆ ಹಳೆ ಥರದ್ದು, ಫಿಕ್ಸ್ಡ್ ನೀಡಲ್. ಸ್ಪ್ರಿಂಗ್ ಇಟ್ಟ ಹಾಗೆ ಒಂದು ಕಡೆ ವಾಲಿ ಅಲ್ಲಾಡಿದರೆ ಅದು 1960ರ ದಶಕದ ಕೊನೆಯಿಂದ ಬಂದ ಥರ. ಅದು ಹಾಳಾಗಿದೆ ಅಂತ ಹೆದರಬೇಡಿ, ಅದರ ರಚನೆಯೇ ಹಾಗೆ. ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ಫಿಕ್ಸ್ಡ್ ನೀಡಲ್ ಇದ್ದರೆ ಜೆಟ್ ಅನ್ನು ಸರಿಯಾಗಿ ನಡುವಿಗೆ ತಂದು ಬಿಗಿ ಮಾಡಬೇಕು. ಆಗಿದೆಯೋ ಇಲ್ಲವೋ ಅಂತ ಕಿವಿಯೇ ಹೇಳುತ್ತದೆ: ಗುಮ್ಮಟ ಕೂರಿಸಿ, ಪಿಸ್ಟನ್ ಎತ್ತಿ ಬಿಡಿ, 'ಟಕ್' ಅಂತ ಸ್ಪಷ್ಟ ಸದ್ದು ಬರಬೇಕು. ಸದ್ದು ಮಂಕಾಗಿದ್ದರೆ ನೀಡಲ್ ಜೆಟ್‌ಗೆ ಉಜ್ಜುತ್ತಿದೆ ಅಂತ ಅರ್ಥ. ವಾಲುವ ನೀಡಲ್ ಇದ್ದರೆ ಈ ಕೆಲಸವೇ ಇಲ್ಲ.

ನೀಡಲ್ಲಿನ ಬುಡದಲ್ಲಿ ಒಂದೆರಡು ಅಥವಾ ಮೂರು ಇಂಗ್ಲಿಷ್ ಅಕ್ಷರ ಕೆತ್ತಿರುತ್ತದೆ. ತುಂಬ ಸಣ್ಣದು, ಭೂತಗನ್ನಡಿ ಬೇಕು. ಅದನ್ನು ಬರೆದಿಟ್ಟುಕೊಳ್ಳಿ. ಎರಡು ನೀಡಲ್‌ಗಳು ಕಣ್ಣಿಗೆ ಒಂದೇ ಥರ ಕಾಣುತ್ತವೆ, ಆದರೆ ಉದ್ದಕ್ಕೂ ದಪ್ಪ ಕಡಿಮೆಯಾಗುವ ರೀತಿ ಬೇರೆ ಇರುತ್ತದೆ, ಇಂಚಿನ ಸಾವಿರದ ಲೆಕ್ಕದಲ್ಲಿ. ಎಂಜಿನ್ನಿಗೆ ಆ ವ್ಯತ್ಯಾಸ ಗೊತ್ತಾಗುತ್ತದೆ. ಪಿಸ್ಟನ್ ಮೇಲಿನ ಸ್ಪ್ರಿಂಗಿಗೂ ಬಣ್ಣದ ಗುರುತಿದೆ: ನೀಲಿ ಎರಡೂವರೆ ಔನ್ಸ್, ಕೆಂಪು ನಾಲ್ಕೂವರೆ, ಹಳದಿ 8, ಹಸಿರು 12. ಪೆಟ್ರೋಲಿಗೆ ಬಣ್ಣ ಹೋಗಿರುತ್ತದೆ, ಸುರುಳಿಯ ತುದಿಯಲ್ಲಿ ಎಲ್ಲಾದರೂ ಚೂರು ಉಳಿದಿದೆಯೇ ಅಂತ ನೋಡಿ.

ದಯವಿಟ್ಟು ಒಂದು ಕೆಲಸ ಮಾತ್ರ ಮಾಡಬೇಡಿ. ಒಂದು ಕಾರ್ಬೊರೇಟರ್‌ನ ಪಿಸ್ಟನ್ ತೆಗೆದು ಇನ್ನೊಂದರ ಗುಮ್ಮಟಕ್ಕೆ ಹಾಕಬೇಡಿ. ಅವೆರಡನ್ನೂ ಜೋಡಿಯಾಗಿ ಹೊಂದಿಸಿರುತ್ತಾರೆ. ಗುಜರಿಯಲ್ಲಿ ಕೊಳ್ಳುವಾಗಲೂ ಜೋಡಿಯಾಗಿಯೇ ಕೇಳಿ.

ಪ್ರಶ್ನೆ: ನನ್ನ ಪದ್ಮಿನಿಯಲ್ಲಿ ಸೋಲೆಕ್ಸ್ ಕಾರ್ಬೊರೇಟರ್ ಇದೆ. ಬಾಡಿ ಮೇಲೆ 32 ಅಂತ ಮಾತ್ರ ಓದಲು ಆಗುತ್ತದೆ, ಮುಂದಿನ ಅಕ್ಷರ ಸವೆದಿದೆ. ಮೇಲಿನಿಂದ ನೋಡಿದರೆ ಚೋಕ್ ಮುಚ್ಚುವ ತಟ್ಟೆಯೇ ಇಲ್ಲ. ಹಿಂದಿನ ಮಾಲೀಕರು ಕಿತ್ತು ಹಾಕಿದ್ದಾರಾ? — ಬೆಂಗಳೂರು

ಕಿತ್ತಿಲ್ಲ, ಇರಲೇ ಇಲ್ಲ. ಹಳೆಯ ಸೋಲೆಕ್ಸ್‌ಗಳಲ್ಲಿ ಎರಡು ಪಂಗಡ. ಒಂದರಲ್ಲಿ ಗಾಳಿಯ ಬಾಯಿಗೆ ಅಡ್ಡ ಬರುವ ತಟ್ಟೆ ಇರುತ್ತದೆ, ಚೋಕ್ ಎಳೆದರೆ ಬಾಯಿ ಮುಚ್ಚಿಕೊಳ್ಳುತ್ತದೆ. ಇನ್ನೊಂದರಲ್ಲಿ ತಟ್ಟೆ ಇಲ್ಲ, ಪಕ್ಕದಲ್ಲೇ ಒಂದು ಪುಟ್ಟ ಕಾರ್ಬೊರೇಟರ್ ಇದ್ದ ಹಾಗೆ ಸ್ಟಾರ್ಟರ್ ಇರುತ್ತದೆ. ಬಾಡಿಯ ಪಕ್ಕ ಕೇಬಲ್ ಬಂದು ಸೇರುವ ಸಣ್ಣ ಲಿವರ್ ನೋಡಿ, ಅದರ ಹಿಂದೆ ತೂತುಗಳಿರುವ ಚಪ್ಪಟೆ ಬಿಲ್ಲೆ ತಿರುಗುತ್ತದೆ. ಬೆಳಿಗ್ಗೆ ಚಳಿಯಲ್ಲಿ ಸ್ಟಾರ್ಟ್ ಆಗದಿದ್ದರೆ ಆ ಬಿಲ್ಲೆ, ಅದರ ತೂತು, ಅದಕ್ಕೇ ಇರುವ ಬೇರೆ ಜೆಟ್ ಇವುಗಳನ್ನು ತೊಳೆಯಬೇಕು. ಬಿಲ್ಲೆಯ ಮುಖ ಸವೆದರೆ ಚೋಕ್ ಒಳಗೆ ತಳ್ಳಿದ ಮೇಲೂ ಪೆಟ್ರೋಲ್ ಅಲ್ಲಿಂದ ಹೋಗುತ್ತಲೇ ಇರುತ್ತದೆ. ಆಗ ಮೈಲೇಜ್ ಬೀಳುತ್ತದೆ, ಹೊಗೆ ಕಪ್ಪಾಗುತ್ತದೆ, ಮೆಕ್ಯಾನಿಕ್ ಮೇನ್ ಜೆಟ್ ಬದಲಿಸುತ್ತಾ ಕೂರುತ್ತಾರೆ. ಇಂಥದ್ದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

32 ಅನ್ನುವುದು ಥ್ರಾಟಲ್ ಬಾಯಿಯ ಅಳತೆ, ಮಿಲಿಮೀಟರ್‌ನಲ್ಲಿ. ಮುಂದಿನ ಅಕ್ಷರಗಳು ಮಾದರಿಯ ಹೆಸರು. ಅವು ಸವೆದಿದ್ದರೆ ಹತ್ತಿ ಬಟ್ಟೆಯಲ್ಲಿ ಸ್ವಲ್ಪ ಪೆಟ್ರೋಲ್ ತೆಗೆದುಕೊಂಡು ಜಿಡ್ಡು ಒರೆಸಿ, ಟಾರ್ಚ್ ಪಕ್ಕದಿಂದ ಓರೆಯಾಗಿ ಹಿಡಿದು ನೋಡಿ. ನೇರ ಬೆಳಕಲ್ಲಿ ಕಾಣದ್ದು ಓರೆ ಬೆಳಕಲ್ಲಿ ಎದ್ದು ಕಾಣುತ್ತದೆ. ವೈರ್ ಬ್ರಷ್ ಮಾತ್ರ ಬೇಡ, ಉಳಿದ ಗುರುತೂ ಹೋಗುತ್ತದೆ. ಒಳಗೆ ಗಾಳಿ ಹೋಗುವ ದಾರಿ ಕಿರಿದಾಗುವ ಕಡೆ ಇನ್ನೊಂದು ಸಂಖ್ಯೆ ಇರುತ್ತದೆ, ಅದು ವೆಂಚುರಿಯ ಅಳತೆ. 32 ನೋಡಿ ಎಲ್ಲ 32ಗಳೂ ಒಂದೇ ಅಂದುಕೊಳ್ಳಬೇಡಿ. ಬಾಯಿ ಒಂದೇ ಇದ್ದು ಗಂಟಲು ಬೇರೆ ಇರಬಹುದು.

ಪ್ರಶ್ನೆ: ಕಾಫಿ ತೋಟದಲ್ಲಿ ತಾತನ ಕಾಲದ ಪೆಟ್ರೋಲ್ ಜೀಪ್ ನಿಂತಿದೆ. ಕಾರ್ಬೊರೇಟರ್ ಕಾಣೆಯಾಗಿದೆ. 'ಕಾರ್ಟರ್ ಹಾಕಿ' ಅನ್ನುತ್ತಾರೆ. ಯಾವ ಕಾರ್ಟರ್? — ಮಡಿಕೇರಿ

ಕಾರ್ಬೊರೇಟರ್ ಇಲ್ಲದಿದ್ದರೇನು, ಎಂಜಿನ್ ಇದೆಯಲ್ಲ. ಅದು ಕೂರುತ್ತಿದ್ದ ಜಾಗ ನೋಡಿ. ಎಂಜಿನ್ನಿನ ಪಕ್ಕದ ಕೊಳವೆಗಳ ಮೇಲೆ (ಮ್ಯಾನಿಫೋಲ್ಡ್) ಕೂರುತ್ತಿದ್ದರೆ, ಎಂಜಿನ್ನಿನ ಮೇಲಿನ ಭಾಗವಾದ ಹೆಡ್ ಚಪ್ಪಟೆಯಾಗಿದ್ದರೆ, ವಾಲ್ವ್‌ಗಳೆಲ್ಲ ಕೆಳಗೆ ಬ್ಲಾಕ್‌ನಲ್ಲೇ ಇರುವ ಹಳೆ ಎಂಜಿನ್ ಅದು. ಯುದ್ಧಕಾಲದ ವಿಲ್ಲಿಸ್ ಎಂಬಿಯಲ್ಲಿ ಇದ್ದದ್ದೂ ಇದೇ, ಅದಕ್ಕೆ ಕಾರ್ಟರ್ ಡಬ್ಲ್ಯೂಒ. ಯುದ್ಧದ ಜೀಪಿನದು 539ಎಸ್, ಆಮೇಲಿನ ಸಿವಿಲಿಯನ್ ಜೀಪುಗಳದು 596ಎಸ್, 636ಎಸ್ ಹೀಗೆ. ಕಾರ್ಬೊರೇಟರ್ ಸೀದಾ ಹೆಡ್ ಮೇಲೆ ಕೂರುತ್ತಿದ್ದರೆ ಅದು ಹರಿಕೇನ್ ಎಂಜಿನ್, ಸಿಜೆ-3ಬಿಯದು. ಆ ಎತ್ತರದ ಎಂಜಿನ್ ಹಿಡಿಸಲೆಂದೇ ಬಾನೆಟ್ ಎತ್ತರ ಮಾಡಿದ್ದು, ನಿಮ್ಮ ಜೀಪಿನ ಮೂತಿ ಎತ್ತರವಾಗಿದ್ದರೆ ಬಾನೆಟ್ ತೆಗೆಯುವ ಮೊದಲೇ ಉತ್ತರ ಸಿಕ್ಕಿತು. ಅದಕ್ಕೆ ಕಾರ್ಟರ್ ವೈಎಫ್, 938ಎಸ್ ಸಾಲಿನದು.

ಎರಡನ್ನೂ ಮೇಜಿನ ಮೇಲೆ ಇಟ್ಟರೆ ಗುರುತಿಸುವುದು ಕಷ್ಟವಿಲ್ಲ. ಆ್ಯಕ್ಸಿಲರೇಟರ್ ಒತ್ತಿದಾಗ ಪೆಟ್ರೋಲ್ ಚಿಮ್ಮಿಸುವ ಪಂಪ್ ಡಬ್ಲ್ಯೂಒದಲ್ಲಿ ಕಡ್ಡಿಯ ತುದಿಯ ಪ್ಲಂಜರ್, ವೈಎಫ್‌ನಲ್ಲಿ ಡಯಾಫ್ರಮ್. ವೈಎಫ್ ಕೊಳ್ಳುವುದಾದರೆ ಡಯಾಫ್ರಮ್ ಒಣಗಿದೆ, ಹೊಸದು ಹಾಕಬೇಕು ಅಂತಲೇ ಲೆಕ್ಕ ಇಟ್ಟುಕೊಳ್ಳಿ.

ಪ್ರಶ್ನೆ: ನಾನು ಮಿಶಿಗನ್‌ನಲ್ಲಿರುವ ಕನ್ನಡಿಗ. ಗೆಳೆಯರ ಫೋರ್ಡ್ ವಿ8ನಲ್ಲಿ 'ಸ್ಟ್ರಾಂಬರ್ಗ್' ಇದೆ. ಊರಿನಲ್ಲಿ ಮಾವನ ಟ್ರಯಂಫ್‌ನಲ್ಲೂ 'ಸ್ಟ್ರಾಂಬರ್ಗ್' ಇದೆ. ಬಿಡಿಭಾಗ ಅದಲು ಬದಲು ಮಾಡಬಹುದೇ?

ಒಂದು ಸ್ಕ್ರೂ ಕೂಡ ಆಗುವುದಿಲ್ಲ. ಹೆಸರು ಮಾತ್ರ ಒಂದು. ಫೋರ್ಡ್‌ನದು ಅಮೆರಿಕದ್ದು, ಗಾಳಿ ಮೇಲಿನಿಂದ ಕೆಳಗೆ ಹೋಗುವ ಎರಡು ಬಾಯಿಯ ಕಾರ್ಬೊರೇಟರ್. ಬಾಡಿಯ ಪಕ್ಕದಲ್ಲಿ ದೊಡ್ಡದಾಗಿ ಎದ್ದು ಕಾಣುವ ಸಂಖ್ಯೆ ನೋಡಿ. 97 ಇದ್ದರೆ ವೆಂಚುರಿ 0.97 ಇಂಚು, 1936ರಿಂದ 1938ರವರೆಗಿನ ಫೋರ್ಡ್‌ಗೆ ಹಾಕಿದ್ದು. 81 ಇದ್ದರೆ 0.81 ಇಂಚು, ಸಣ್ಣ 60 ಅಶ್ವಶಕ್ತಿಯ ವಿ8ನದು. ಎರಡೂ ಹೊರಗೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ, ಹಾಗಾಗಿ ಆ ಸಂಖ್ಯೆಯೇ ಆಧಾರ.

ಮಾವನವರದು ಇಂಗ್ಲೆಂಡಿನ ಜೆನಿತ್-ಸ್ಟ್ರಾಂಬರ್ಗ್ ಸಿಡಿ ಆಗಿರಬೇಕು. ಅದನ್ನು ನೋಡಿದವರು ಎಸ್‌ಯು ಅಂದುಕೊಳ್ಳುವುದು ಸಹಜ. ಅದೇ ಗುಮ್ಮಟ, ಅದೇ ಪಿಸ್ಟನ್, ಅದೇ ನೀಡಲ್. ಆದರೆ ಗುಮ್ಮಟ ಗಿಡ್ಡ, ತೆಗೆದರೆ ಪಿಸ್ಟನ್ ಸುತ್ತ ಕಪ್ಪು ರಬ್ಬರ್ ಡಯಾಫ್ರಮ್ ಹರಡಿಕೊಂಡಿರುತ್ತದೆ. ಎಸ್‌ಯುನಲ್ಲಿ ಆ ಜಾಗದಲ್ಲಿ ರಬ್ಬರ್ ಇಲ್ಲ, ಲೋಹಕ್ಕೆ ಲೋಹ ತಾಗದಷ್ಟು ಸಣ್ಣ ಸಂದು ಮಾತ್ರ. ಸಿಡಿ ಇರುವ ಕಾರು ಇದ್ದಕ್ಕಿದ್ದಂತೆ ಎಳೆಯದೆ ಸತ್ತ ಹಾಗಾದರೆ, ಮೊದಲು ಆ ರಬ್ಬರ್ ತೆಗೆದು ಬಿಸಿಲಿಗೆ ಹಿಡಿದು ನೋಡಲು ಹೇಳಿ. ಸೂಜಿಮೊನೆಯಷ್ಟು ತೂತಿದ್ದರೂ ಪಿಸ್ಟನ್ ಪೂರ್ತಿ ಏಳುವುದಿಲ್ಲ.

ಪ್ರಶ್ನೆ: ಗುಜರಿಯಲ್ಲಿ ಸಿಕ್ಕ ಕಾರ್ಬೊರೇಟರ್ ಮೈ ತುಂಬ ಬಿಳಿ ಪುಡಿ. ತೊಳೆದರೆ ಹೋಗುತ್ತಾ? — ಹುಬ್ಬಳ್ಳಿ

ಪುಡಿ ಹೋಗುತ್ತದೆ. ಅದರ ಕೆಳಗೆ ಕೂದಲೆಳೆಯ ಬಿರುಕುಗಳಿದ್ದರೆ, ಅಂಚು ಬಾಗಿದ್ದರೆ ಬಿಟ್ಟುಬಿಡಿ. ಅದು ಸತುವಿನ ಮಿಶ್ರಲೋಹ, ಹಳೆಯ ಕೆಟ್ಟ ಎರಕ ಒಳಗಿನಿಂದಲೇ ಸಿಡಿಯುತ್ತದೆ. ವೆಲ್ಡಿಂಗ್ ನಿಲ್ಲುವುದಿಲ್ಲ. ಹಿತ್ತಾಳೆ ಜೆಟ್‌ಗಳನ್ನು ಬಿಚ್ಚಿ ಇಟ್ಟುಕೊಳ್ಳಿ, ಅವು ಕೆಲಸಕ್ಕೆ ಬರುತ್ತವೆ.

ಪ್ರಶ್ನೆ: ಈಗಿನ ಎಥೆನಾಲ್ ಬೆರೆತ ಪೆಟ್ರೋಲಿಗೆ ಯಾವ ಮಾದರಿಯ ಕಾರ್ಬೊರೇಟರ್ ಹೆಚ್ಚು ಹಾಳಾಗುತ್ತದೆ? ನನ್ನದು ಯುದ್ಧಕ್ಕಿಂತ ಹಿಂದಿನ ಕಾರು. — ಮೈಸೂರು

ಮಾದರಿಗಿಂತ ಒಳಗೆ ಏನು ಸಾಮಾನು ಹಾಕಿದ್ದಾರೆ ಅನ್ನುವುದು ಮುಖ್ಯ. ಫ್ಲೋಟ್ ತೆಗೆದು ಕೈಯಲ್ಲಿ ಹಿಡಿಯಿರಿ. ಹಿತ್ತಾಳೆಯದಾದರೆ ಕಿವಿ ಹತ್ತಿರ ತಂದು ಅಲ್ಲಾಡಿಸಿ, ಒಳಗೆ ಕುಲುಕಿದ ಸದ್ದು ಬಂದರೆ ಪೆಟ್ರೋಲ್ ನುಗ್ಗಿದೆ. ಬಿಸಿನೀರಿನಲ್ಲಿ ಮುಳುಗಿಸಿ, ಗುಳ್ಳೆ ಏಳುವ ಜಾಗದಲ್ಲೇ ತೂತು. ಒಳಗಿನ ಪೆಟ್ರೋಲ್ ಪೂರ್ತಿ ಹೋಗದೆ ಬೆಸುಗೆ ಹಾಕಲು ಮಾತ್ರ ಕೊಡಬೇಡಿ, ಸಿಡಿಯುತ್ತದೆ.

ಕಂದು ಬಣ್ಣದ, ಹಗುರವಾದ, ಮೇಲೆ ಮೆರುಗೆಣ್ಣೆ ಬಳಿದ ಹಾಗಿರುವ ಫ್ಲೋಟ್ ಸಿಕ್ಕರೆ ಅದು ಕಾರ್ಕ್. ನಿಮ್ಮ ಕಾಲದ ಕೆಲವು ಕಾರ್ಬೊರೇಟರ್‌ಗಳಲ್ಲಿ ಅದೇ ಇರುತ್ತಿತ್ತು. ಅದಕ್ಕೆ ಬಳಿಯುತ್ತಿದ್ದದ್ದು ಅರಗಿನಿಂದ ಮಾಡಿದ ಲೇಪ. ಅರಗನ್ನು ಕರಗಿಸಲು ಬಡಗಿಗಳು ಬಳಸುವುದು ಸ್ಪಿರಿಟ್ ಅಲ್ವಾ, ಎಥೆನಾಲ್ ಅಂದರೂ ಅದೇ ಜಾತಿ. ಲೇಪ ನಿಧಾನಕ್ಕೆ ಬಿಟ್ಟುಕೊಳ್ಳುತ್ತದೆ, ಕಾರ್ಕ್ ಪೆಟ್ರೋಲ್ ಕುಡಿದು ಭಾರವಾಗಿ ಮುಳುಗುತ್ತದೆ, ಪೆಟ್ರೋಲ್ ಒಳಬರುವ ದಾರಿಯ ನೀಡಲ್ ವಾಲ್ವ್ ಮುಚ್ಚುವುದಿಲ್ಲ, ಓವರ್‌ಫ್ಲೋ ಆಗುತ್ತದೆ. ಬಿಟ್ಟುಕೊಂಡ ಲೇಪ ಜೆಟ್‌ನಲ್ಲಿ ಅಂಟಿಕೊಂಡು ಕೂರುತ್ತದೆ. ಅದೇ ಅಳತೆಯ ಹಿತ್ತಾಳೆ ಫ್ಲೋಟ್ ಸಿಕ್ಕರೆ ಹಾಕಿ, ಆದರೆ ತೂಕ ಬೇರೆಯಾಗುವುದರಿಂದ ಪೆಟ್ರೋಲ್ ಮಟ್ಟವನ್ನು ಮತ್ತೆ ಹೊಂದಿಸಲೇಬೇಕು. ಹಳೆ ಕಾರ್ಕ್ ಫ್ಲೋಟನ್ನು ಎಸೆಯಬೇಡಿ. ಒಣಗಿಸಿ, ಒಂದು ಡಬ್ಬಿಗೆ ಹಾಕಿ, ಮೇಲೆ ಕಾರಿನ ಹೆಸರು ಬರೆದಿಡಿ. ಮುಂದೆ ಆ ಕಾರನ್ನು ಬಿಚ್ಚುವವರಿಗೆ ಮೂಲದಲ್ಲಿ ಏನಿತ್ತು ಅಂತ ತಿಳಿಯಲು ಅದೊಂದೇ ಸಾಕ್ಷಿ ಉಳಿದಿರುತ್ತದೆ.